ಮೇಣದಬತ್ತಿ ಆರಿಸಿದವನೂ ನಮ್ಮನೆ ಎಸಿಯೂ

ಕೆಂಭಾವಿ ಎಲ್ಲಿ ಬರುತ್ತೆ ಅಂತ ಬೆಂಗಳೂರಲ್ಲಿ ಕೇಳ್ತಾನೇ ಇರ್ತಾರೆ. ಯಾದಗಿರಿ ಜಿಲ್ಲೆ, ಸುರಪುರದ ಕಡೆ. ಶರಣರ ಕಥೆ ಓದಿದವರಿಗೆ ಕೆಂಭಾವಿ ಭೋಗಣ್ಣನ ಹೆಸರು ಗೊತ್ತಿರುತ್ತೆ, ಅದೇ ಊರು. ಗೊತ್ತಿರಬೇಕಾದ ಇನ್ನೊಂದು ವಿಷಯ ನಮ್ಮ ಬಿಸಿಲು. ಮೇ ತಿಂಗಳಲ್ಲಿ 42 ಡಿಗ್ರಿ ಇದ್ದರೆ "ಇವತ್ತ ಪರವಾಗಿಲ್ಲ" ಅನ್ನೋ ಜನ ನಾವು. ಹೋದ ಬೇಸಿಗೆಯಲ್ಲಿ ಅಪ್ಪನಿಗೆ ಬಿಸಿಲು ತಾಗಿ ಎರಡು ದಿನ ಸಲೈನ್ ಹಾಕಿಸಬೇಕಾಯ್ತು. ಅದಾದ ಮೇಲೆ ನಾನೇ ಹಟ ಹಿಡಿದು ಒಂದು ಟನ್ನಿನ ಸ್ಪ್ಲಿಟ್ ಎಸಿ ತಂದೆ.

ಕೂರಿಸೋಕೆ ಬಂದವನು ಇಪ್ಪತ್ತೈದರ ಹುಡುಗ, ಕೈ ಬಲು ಚುರುಕು. ಒಂದು ಗಂಟೆಯಲ್ಲಿ ಗೋಡೆಗೆ ತೂತು ಕೊರೆದು, ಒಳಗಿನ ಯೂನಿಟ್ ನೇತುಹಾಕಿ, ಹಿತ್ತಲ ಗೋಡೆಗೆ ಔಟ್‌ಡೋರ್ ಕೂರಿಸಿ, ತಾಮ್ರದ ಪೈಪು ಜೋಡಿಸಿದ. ಆಮೇಲೆ ಅಲೆನ್ ಕೀ ತೆಗೆದು ವಾಲ್ವಿಗೆ ಹಾಕಿದ.

"ವ್ಯಾಕ್ಯೂಮ್ ಪಂಪ್ ಎಲ್ಲಿ?" ಅಂದೆ.

"ಅದು ಬ್ಯಾಡ್ರಿ ಸರ. ಸ್ವಲ್ಪ ಗ್ಯಾಸ್ ಬಿಟ್ರ ಪೈಪಿನಾಗಿನ ಗಾಳಿ ಹೊರಗ ಹೋಗ್ತದ. ಕಮ್ಮಿ ಬಿದ್ರ ಮ್ಯಾಲಿಂದ ಹೊಡಿಯೂಣು. ನಮ್ಮ ಉಸ್ತಾದ್ರು ಇಪ್ಪತ್ತ್ ವರ್ಷ ಹಿಂಗ ಮಾಡ್ಯಾರ್ರಿ, ಯಾರೂ ಸತ್ತಿಲ್ಲ."

ಅಲ್ಲಿಂದ ನಾಲ್ಕು ಮಾರು ದೂರದಲ್ಲಿ ಅವ್ವ ಕಟ್ಟಿಗೆ ಒಲೆ ಹಚ್ಚಿ ರೊಟ್ಟಿ ಬಡೀತಾ ಇದ್ದಳು. ಯೂನಿಟ್ಟಿನ ಮೇಲಿನ ಪಟ್ಟಿಯಲ್ಲಿ ಆರ್-32 ಅಂತ ಬರೆದಿತ್ತು, ಪಕ್ಕದಲ್ಲೇ ಬೆಂಕಿಯ ಗುರುತು. "ಸ್ವಲ್ಪ ನಿಲ್ಲಪಾ" ಅಂದೆ.

ಅವನು ಹೇಳಿದ್ದು ಸುಳ್ಳಲ್ಲ. ಅವನ ಉಸ್ತಾದರು ಕೆಲಸ ಕಲಿತಿದ್ದು ಆರ್-22 ಗ್ಯಾಸಿನ ಮೇಲೆ, ಅದು ಒಲೆ ಪಕ್ಕ ಬಿಟ್ಟರೂ ಹೊತ್ತಿಕೊಳ್ಳೋದಿಲ್ಲ. ಆದರೆ ತಣ್ಣಗೆ ಮಾಡೋ ಗ್ಯಾಸುಗಳು ಯಾವಾಗಲೂ ಹೀಗೆ ಸಾಧು ಆಗಿರಲಿಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಯಂತ್ರದಿಂದ ಐಸ್ ಮಾಡೋಕೆ ಶುರು ಮಾಡಿದಾಗ ಬಳಸಿದ್ದು ಈಥರ್, ಅಮೋನಿಯಾ, ಸಲ್ಫರ್ ಡೈಆಕ್ಸೈಡ್. ಈಥರ್ ಹೊತ್ತಿಕೊಳ್ಳುತ್ತೆ, ಉಳಿದೆರಡು ವಿಷ. ಅಮೋನಿಯಾ ಇವತ್ತಿಗೂ ದೊಡ್ಡ ಐಸ್ ಪ್ಲಾಂಟುಗಳಲ್ಲಿದೆ. ಅಲ್ಲಿ ಅದಕ್ಕೆ ಬೇರೆ ಕೋಣೆ, ತರಬೇತಾದ ಜನ ಇರಬೇಕು. ಮನೆಯ ಫ್ರಿಜ್ಜಿಗೆ ಅದೆಲ್ಲ ಎಲ್ಲಿ ಸಾಧ್ಯ? 1920ರ ದಶಕದಲ್ಲಿ ಮನೆ ಫ್ರಿಜ್ಜುಗಳಲ್ಲಿ ಮೀಥೈಲ್ ಕ್ಲೋರೈಡನ್ನೂ ತುಂಬುತ್ತಿದ್ದರು. ಅದಕ್ಕೆ ವಾಸನೆ ಕಡಿಮೆ, ಸೋರಿದರೆ ಗೊತ್ತೇ ಆಗೋದಿಲ್ಲ. ಅಮೆರಿಕದ ಶಿಕಾಗೋದಲ್ಲಿ 1929ರ ಹೊತ್ತಿಗೆ ಹೀಗೆ ಸೋರಿ ಜನ ಸತ್ತರು. ಅದಕ್ಕೂ ಮುಂಚೆ, ಬರ್ಲಿನ್ನಿನಲ್ಲಿ ಫ್ರಿಜ್ಜಿನ ವಿಷಗ್ಯಾಸಿಗೆ ಒಂದು ಕುಟುಂಬ ಬಲಿಯಾದ ಸುದ್ದಿ ಪೇಪರಿನಲ್ಲಿ ಬಂತು. ಅದನ್ನು ಓದಿ ನೊಂದುಕೊಂಡವರಲ್ಲಿ ಒಬ್ಬರು ಯಾರು ಗೊತ್ತಾ? ಆಲ್ಬರ್ಟ್ ಐನ್‌ಸ್ಟೈನ್! ಅವರೂ ಲಿಯೋ ಸಿಲಾರ್ಡ್ ಅವರೂ ಸೇರಿ, ಓಡಾಡುವ ಭಾಗಗಳೇ ಇಲ್ಲದ, ಸೋರದ ಫ್ರಿಜ್ಜಿನ ವಿನ್ಯಾಸ ಮಾಡಿದರು. 1930ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟೂ ಸಿಕ್ಕಿತು.

ಆದರೆ ಗೆದ್ದಿದ್ದು ಬೇರೆ ದಾರಿ. ಅದೇ 1930ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಸಭೆಯಲ್ಲಿ ಥಾಮಸ್ ಮಿಡ್ಜ್‌ಲಿ ಹೊಸ ಗ್ಯಾಸೊಂದನ್ನು ಎಲ್ಲರ ಮುಂದೆ ಬಾಯಿ ತುಂಬಾ ಎಳೆದುಕೊಂಡು, ಉರಿಯುವ ಮೇಣದಬತ್ತಿ ಮೇಲೆ ಊದಿದ. ಅವನಿಗೆ ಏನೂ ಆಗಲಿಲ್ಲ, ದೀಪ ಆರಿಹೋಯಿತು. ವಿಷವೂ ಅಲ್ಲ, ಬೆಂಕಿಯೂ ಹತ್ತೋದಿಲ್ಲ ಅನ್ನೋದಕ್ಕೆ ಒಂದೇ ಉಸಿರಿನಲ್ಲಿ ಸಾಕ್ಷಿ. ಅದು ಫ್ರೀಯಾನ್, ಅಂದರೆ ಸಿಎಫ್‌ಸಿ. ಆರ್-22 ಅದರ ಬಳಗದ್ದೇ.

ಅಲ್ಲಿಂದ ಮುಂದೆ ಗ್ಯಾಸ್ ಅಂದರೆ ಹೆದರಬೇಕಾದ್ದಲ್ಲ, ಬೇಕಾದಷ್ಟು ಬಿಟ್ಟು ಬೇಕಾದಷ್ಟು ಹೊಡೆಯಬಹುದು ಅನ್ನೋದು ಮೆಕ್ಯಾನಿಕ್ಕುಗಳ ಕೈಗೆ ಅಭ್ಯಾಸವಾಯಿತು. ಬಿಟ್ಟ ಗ್ಯಾಸ್ ಎಲ್ಲಿ ಹೋಗುತ್ತೆ ಅಂತ ಮೊದಲು ಲೆಕ್ಕ ಹಾಕಿದವರು ಮೊಲಿನಾ ಮತ್ತು ರೋಲೆಂಡ್, 1974ರಲ್ಲಿ. ಮೇಲಿನ ಓಝೋನ್ ಪದರವನ್ನು ಅದು ತಿನ್ನುತ್ತೆ ಅಂದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಓಝೋನ್ ರಂಧ್ರದ ಸುದ್ದಿ ಬಂತು, 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಅದಕ್ಕೆ ಸೇರಿತು. ಮೊದಲು ಸಿಎಫ್‌ಸಿ ಹೋಯಿತು, ಆಮೇಲೆ ಆರ್-22 ಕಡಿಮೆಯಾಗುತ್ತಾ ಬಂತು. ಬದಲಿಗೆ ಬಂದ ಆರ್-410ಎ ಓಝೋನಿಗೆ ತೊಂದರೆ ಕೊಡೋದಿಲ್ಲ, ಆದರೆ ಭೂಮಿ ಬಿಸಿ ಮಾಡೋದರಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು 2000 ಪಟ್ಟು. ಆರ್-32 ಸುಮಾರು 675 ಪಟ್ಟು. ಅದಕ್ಕೇ ಅದು ಈಗ ಮನೆಮನೆಗೂ ಬಂದಿದೆ.

ಆದರೆ ಅದು ಹೊತ್ತಿಕೊಳ್ಳುತ್ತೆ. ಅಡುಗೆ ಗ್ಯಾಸಿನಷ್ಟು ಸುಲಭವಾಗಿ ಅಲ್ಲ, ಗಾಳಿಯಲ್ಲಿ ಸುಮಾರು 14 ಪಾಲು ತುಂಬಬೇಕು. ಬಯಲಿನಲ್ಲಿ ಅಷ್ಟು ಸೇರೋದು ಕಷ್ಟ, ಮುಚ್ಚಿದ ಕೋಣೆಯಲ್ಲಿ ಹಾಗೆ ಹೇಳೋಕಾಗಲ್ಲ. ಅಂದರೆ ನೂರು ವರ್ಷ ಸುತ್ತಿ, ಎಚ್ಚರಿಕೆ ಬೇಕಾದ ಗ್ಯಾಸಿಗೇ ವಾಪಸ್ ಬಂದಿದ್ದೇವೆ. ಗ್ಯಾಸ್ ಬದಲಾಯ್ತು, ಕೈಯ ಅಭ್ಯಾಸ ಮಾತ್ರ ಮಿಡ್ಜ್‌ಲಿಯ ಮೇಣದಬತ್ತಿ ಕಾಲದ್ದೇ ಉಳೀತು.

ಇಷ್ಟನ್ನೂ ಹುಡುಗನಿಗೆ ಹಿತ್ತಲಲ್ಲೇ ಚಹಾ ಕುಡೀತಾ ಹೇಳಿದೆ. ಬರ್ಲಿನ್ ಮನೆಯವರ ಕಥೆಗೆ ಸುಮ್ಮನಾದ. ಆಮೇಲೆ, "ಪಂಪು ಶಹಾಪುರದಾಗ ಐತ್ರಿ ಸರ, ನಾಳಿ ತರ್ತೀನಿ" ಅಂದ. ಅಪ್ಪ ಇನ್ನೊಂದು ರಾತ್ರಿ ಅಂಗಳದಲ್ಲಿ ಒದ್ದೆ ಟವೆಲ್ ಹೊದ್ದು ಮಲಗಿದರು. ನನಗೆ ಹೊಟ್ಟೆ ಚುರ್ ಅಂತು, ನಿಜ.

ಮರುದಿನ ಒಲೆ ಆರಿಸಿ ಕೆಲಸ ಶುರು. ಮೊದಲು ಒಣ ನೈಟ್ರೋಜನ್ ತುಂಬಿ ಕೀಲುಗಳಿಗೆಲ್ಲ ಸಾಬೂನು ನೊರೆ ಹಚ್ಚಿ ನೋಡಿದ. (ಇದಕ್ಕೆ ಆಕ್ಸಿಜನ್ ಯಾವತ್ತೂ ಹಾಕಬಾರದು, ಎಣ್ಣೆ ಜೊತೆ ಸೇರಿ ಸಿಡಿಯುತ್ತೆ.) ಒಂದು ಕೀಲಿನಲ್ಲಿ ಗುಳ್ಳೆ ಬಂತು! ಬಿಚ್ಚಿ ಮತ್ತೆ ಫ್ಲೇರ್ ಮಾಡಿದ. ಆಮೇಲೆ ಪಂಪು ಹಚ್ಚಿ ಗಾಳಿ, ತೇವ ಎರಡನ್ನೂ ಎಳೆದು, ಪಂಪು ನಿಲ್ಲಿಸಿ ಮುಳ್ಳು ಮೇಲೇರುತ್ತಾ ಅಂತ ಕಾದ. ಏರಲಿಲ್ಲ. ಆಗ ವಾಲ್ವು ತೆರೆದ.

ಗ್ಯಾಸ್ ಕಾರ್ಖಾನೆಯಲ್ಲೇ ತುಂಬಿರುತ್ತೆ, ಪೈಪು ಇಂತಿಷ್ಟು ಮೀಟರ್ ಅಂತ ಲೆಕ್ಕ ಹಾಕಿ. ನಮ್ಮದು ಎರಡು ಮೀಟರ್ ಜಾಸ್ತಿ. ನಮ್ಮ ಮಿಷಿನ್ನಿನ ಪುಸ್ತಕದ ಪ್ರಕಾರ ಮೀಟರಿಗೆ 20 ಗ್ರಾಂ, ಒಟ್ಟು 40. ಸಿಲಿಂಡರನ್ನು ತಕ್ಕಡಿ ಮೇಲಿಟ್ಟು ಅಷ್ಟೇ ಹಾಕಿದ. ಮೀಟರ್ ಮುಳ್ಳು ನೋಡಿ ಹಾಕಿದ್ದರೆ ಎಡವಟ್ಟಾಗುತ್ತಿತ್ತು. ಆರ್-32ರ ಒತ್ತಡ ಆರ್-22ಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಹಳೇ ಲೆಕ್ಕದಲ್ಲಿ ಮುಳ್ಳು ನಿಲ್ಲಿಸಿದರೆ ಗ್ಯಾಸ್ ಅರೆಹೊಟ್ಟೆ.

ಹೋಗುವಾಗ ಹುಡುಗ ಹೇಳಿದ ಮಾತು ನನ್ನನ್ನು ಕೊರೀತಾ ಇದೆ. "ಪಂಪ್ ಹಚ್ಚಿದ್ರ ದಿನಕ್ಕ ಎರಡ ಮನಿ ಆಗ್ತಾವ್ರಿ, ಹಚ್ಚದಿದ್ರ ನಾಕು. ರೊಕ್ಕ ಮನಿ ಲೆಕ್ಕದಾಗ ಕೊಡ್ತಾರ್ರಿ." ತಪ್ಪು ಅವನೊಬ್ಬನದೇ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಪಂಪು ಹಚ್ಚಿದ್ದಕ್ಕೆ ಅಂತ ಐನೂರು ಹೆಚ್ಚಿಗೆ ಕೊಟ್ಟೆ.

ನಿಮ್ಮನೆಗೂ ಎಸಿ ಬರೋದಿದ್ದರೆ, ಮೊದಲು ಯೂನಿಟ್ಟಿನ ಪಟ್ಟಿ ಓದಿ, ಪಂಪು ಎಲ್ಲಿ ಅಂತ ಕೇಳಿ. ತಂದಿದ್ದರೆ ಹುಡುಗನಿಗೆ ಆ ಅರ್ಧ ಗಂಟೆಯ ಕೂಲಿ ಕೊಡಿ. ಒಲೆ ಮಾತ್ರ ಸ್ವಲ್ಪ ಹೊತ್ತು ಆರಿರಲಿ.