ಆಟದ ಲ್ಯಾಪ್‌ಟಾಪಿನ ಪೂರ್ವೋತ್ತರ

1981ರ ಏಪ್ರಿಲ್ ತಿಂಗಳಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಗಣಕಮೇಳವೊಂದರಲ್ಲಿ ಆಡಮ್ ಆಸ್ಬೋರ್ನ್ ಎಂಬವರು ಜನರ ಮುಂದಿಟ್ಟ ಯಂತ್ರವು ಹೊಲಿಗೆಯಂತ್ರದ ಪೆಟ್ಟಿಗೆಯಷ್ಟು ಗಾತ್ರದ್ದಾಗಿದ್ದು, 11 ಕಿಲೋಗ್ರಾಮುಗಳಷ್ಟು ತೂಗುತ್ತಿದ್ದಿತು. ಅದರ ಮುಚ್ಚಳವನ್ನು ಕಳಚಿದರೆ ಅದೇ ಕೀಲಿಮಣೆಯಾಗುತ್ತಿತ್ತು. ಒಳಗೆ ಎರಡು ಫ್ಲಾಪಿ ಡ್ರೈವುಗಳ ನಡುವೆ ಐದಂಗುಲದ ಚಿಕ್ಕ ಪರದೆಯೊಂದು ಹುದುಗಿಕೊಂಡಿದ್ದಿತು. ಬ್ಯಾಟರಿಯಿಲ್ಲದ ಕಾರಣ ಎಲ್ಲಿಗೆ ಹೊತ್ತೊಯ್ದರೂ ಗೋಡೆಯ ಪ್ಲಗ್ಗಿನ ಆಶ್ರಯ ಅದಕ್ಕೆ ತಪ್ಪಿದ್ದಲ್ಲ. 1,795 ಡಾಲರಿನ ಈ 'ಆಸ್ಬೋರ್ನ್ 1' ಗಣಕವೇ ಜನಸಾಮಾನ್ಯರ ನಡುವೆ ಯಶಸ್ಸು ಕಂಡ ಮೊದಲ ಸಂಚಾರಿ ಗಣಕವೆಂದು ಚರಿತ್ರೆಯಲ್ಲಿ ನಿಂತಿದೆ. ಅದರ ಕರ್ತೃವಿಗೂ ನಮ್ಮ ದಕ್ಷಿಣ ದೇಶಕ್ಕೂ ಇದ್ದ ನಂಟನ್ನು ಇಲ್ಲಿ ಹೇಳದೆ ಮುಂದುವರಿಯಲು ಮನಸ್ಸು ಒಪ್ಪದು. ಆತನ ತಂದೆ ಆರ್ಥರ್ ಆಸ್ಬೋರ್ನ್, ರಮಣ ಮಹರ್ಷಿಗಳ ಸನ್ನಿಧಿಯನ್ನು ಆಶ್ರಯಿಸಿ ಅವರ ಚರಿತ್ರೆಯನ್ನು ಬರೆದವರು. ಮಗನ ಬಾಲ್ಯ ತಿರುವಣ್ಣಾಮಲೆಯಲ್ಲಿ ಕಳೆಯಿತು. ಆತನ ಕಂಪನಿ 1983ರ ಸೆಪ್ಟೆಂಬರಿನಲ್ಲಿ ದಿವಾಳಿಯಾಯಿತು. 2003ರಲ್ಲಿ ಆತನು ಕೊನೆಯುಸಿರೆಳೆದದ್ದು ಕೊಡೈಕನಾಲಿನಲ್ಲಿ.

ಇಂದು ಒಂದೂವರೆ ಕಿಲೋ ತೂಗುವ, ನೋಟಕ್ಕೆ ಸುಂದರವಾದ, ಬಗಲಚೀಲದಲ್ಲಿ ಹಿಡಿಯುವ ಗೇಮಿಂಗ್ ಲ್ಯಾಪ್‌ಟಾಪೊಂದು ನಿತ್ಯೋಪಯೋಗಕ್ಕೆ ಒದಗುವುದೆ ಎಂದು ವಿಚಾರಿಸುವವರು ಅಷ್ಟು ಹಿಂದಿನ ಪೆಟ್ಟಿಗೆಯಿಂದ ಆರಂಭಿಸಬೇಕೆ ಎಂದು ಯಾರಾದರೂ ಕೇಳಿಯಾರು. ಆರಂಭಿಸಬೇಕೆಂದೇ ನನ್ನ ಭಾವನೆ. ಏಕೆಂದರೆ ಹೊರುವ ಸೌಕರ್ಯ, ಆಡುವ ಸಾಮರ್ಥ್ಯ ಎಂಬ ಎರಡು ಗುಣಗಳು ನಾಲ್ಕು ದಶಕಗಳ ಕಾಲ ಒಂದನ್ನೊಂದು ಕಂಡರೆ ಸಹಿಸದೆ ಬಾಳಿದುವು, ಮತ್ತು ಆ ವೈರಕ್ಕೆ ಮೂಲವಾದುದು ತಾಪ. ಚಿಪ್ಪು ನುಂಗಿದ ವಿದ್ಯುತ್ತೆಲ್ಲವೂ ಕಡೆಗೆ ಶಾಖವಾಗಿಯೇ ಹೊರಬರಬೇಕು. ಪೆಟ್ಟಿಗೆ ಕಿರಿದಾದಷ್ಟೂ ಆ ಶಾಖಕ್ಕೆ ಹೊರದಾರಿ ಕಿರಿದು. ಈ ಎರಡು ಗುಣಗಳ ನಡುವೆ ಸಂಧಿಯಾದದ್ದು ಬಲವನ್ನು ಹೆಚ್ಚಿಸುವುದರಿಂದಲ್ಲ, ಬಲವನ್ನು ಎಲ್ಲಿ ತಡೆದು ನಿಲ್ಲಿಸಬೇಕೆಂಬ ಸಂಯಮವನ್ನು ಯಂತ್ರಶಿಲ್ಪಿಗಳು ಕಲಿತದ್ದರಿಂದ. ಈ ಸಂಗತಿಯನ್ನು ಅರಿತವನಿಗೆ ಅಂಗಡಿಯಲ್ಲಿ ಯಾವ ಪ್ರಶ್ನೆಯನ್ನು ಮೊದಲು ಕೇಳಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಮಡಚಿ ಮುಚ್ಚುವ ರೂಪವನ್ನು ಗಣಕಕ್ಕೆ ಕೊಟ್ಟ ಕೀರ್ತಿ ಆಂಗ್ಲ ವಿನ್ಯಾಸಕಾರ ಬಿಲ್ ಮಾಗ್ರಿಜ್ ಅವರದು. ಅವರು ರೂಪಿಸಿದ 'ಗ್ರಿಡ್ ಕಂಪಾಸ್' 1982ರಲ್ಲಿ 8,150 ಡಾಲರಿನ ಬೆಲೆಗೆ ಮಾರುಕಟ್ಟೆಗೆ ಬಂದಿತು. ಅದರ ಮೆಗ್ನೀಸಿಯಮ್ ಕವಚವು ಒಳಗಿನ ಅಂಗಗಳಿಗೆ ರಕ್ಷಣೆಯಾಗಿದ್ದಂತೆಯೇ ಶಾಖವನ್ನು ಹೊರಚೆಲ್ಲುವ ಸಾಧನವೂ ಆಗಿದ್ದಿತು. ಅಮೆರಿಕದ ನಾಸಾ ಸಂಸ್ಥೆಯು ಈ ಯಂತ್ರವನ್ನು ಬಾಹ್ಯಾಕಾಶ ನೌಕೆಯಲ್ಲಿ ಕೊಂಡೊಯ್ಯಲು ಆರಿಸಿಕೊಂಡಾಗ ಒಂದು ಫ್ಯಾನನ್ನು ಹೊಸದಾಗಿ ಸೇರಿಸಬೇಕಾಯಿತು. ಏಕೆಂದರೆ ಭಾರವೇ ಇಲ್ಲದ ಆ ಅವಸ್ಥೆಯಲ್ಲಿ ಬಿಸಿಗಾಳಿಯು ಮೇಲಕ್ಕೇರುವುದಿಲ್ಲ, ಅದು ಯಂತ್ರದ ಸುತ್ತಲೇ ನಿಂತುಬಿಡುತ್ತದೆ. ರೂಪಸೌಂದರ್ಯವೂ ತಾಪನಿವಾರಣೆಯೂ ಬೇರೆ ಬೇರೆ ವಿಷಯಗಳಲ್ಲ, ಒಂದೇ ಕವಚದ ಎರಡು ಧರ್ಮಗಳು ಎಂಬುದಕ್ಕೆ ಇದಕ್ಕಿಂತ ಹಳೆಯ ನಿದರ್ಶನ ನನಗೆ ತಿಳಿದಿಲ್ಲ.

ಮುಂದಿನ ಹತ್ತು ವರ್ಷಗಳಲ್ಲಿ ಲ್ಯಾಪ್‌ಟಾಪು ಕಚೇರಿಯ ವಸ್ತುವಾಗಿ ಬೆಳೆಯಿತೇ ಹೊರತು ಆಟದ ವಸ್ತುವಾಗಲಿಲ್ಲ. ಆಗಿನ ಅಗ್ಗದ ಪರದೆಗಳಲ್ಲಿ ಚಿತ್ರವು ಎಷ್ಟು ಮಂದಗತಿಯಲ್ಲಿ ಬದಲಾಗುತ್ತಿದ್ದಿತೆಂದರೆ ಮೌಸಿನ ಬಾಣವು ವೇಗವಾಗಿ ಸರಿದರೆ ಕಣ್ಣಿಗೇ ಕಾಣುತ್ತಿರಲಿಲ್ಲ. ಅದಕ್ಕಾಗಿಯೇ ವಿಂಡೋಸ್ ತಂತ್ರಾಂಶದಲ್ಲಿ ಬಾಣದ ಹಿಂದೆ ನೆರಳುಸಾಲೊಂದನ್ನು ಮೂಡಿಸುವ ಏರ್ಪಾಡನ್ನು ಮಾಡಬೇಕಾಯಿತು. ಬಾಣವೇ ಕಾಣದ ಪರದೆಯಲ್ಲಿ ಓಡುವ ಶತ್ರುವನ್ನು ಗುರಿಯಿಡುವುದೆಂತು? 1991ರಲ್ಲಿ ಆ್ಯಪಲ್ ಕಂಪನಿಯ ಪವರ್‌ಬುಕ್ ಕೀಲಿಮಣೆಯನ್ನು ಪರದೆಯ ಕಡೆಗೆ ಸರಿಸಿ, ಮುಂದೆ ಅಂಗೈ ಊರುವುದಕ್ಕೆ ಜಾಗ ಬಿಟ್ಟಿತು. ಗಂಟೆಗಟ್ಟಲೆ ಬರೆಯುವವರ ಮಣಿಕಟ್ಟಿಗೆ ಅದಕ್ಕಿಂತ ದೊಡ್ಡ ಉಪಕಾರ ಲ್ಯಾಪ್‌ಟಾಪಿನ ಚರಿತ್ರೆಯಲ್ಲಿ ಆಗಿಲ್ಲ. ಮರುವರ್ಷ ಬಂದ ಐಬಿಎಂನ ಥಿಂಕ್‌ಪ್ಯಾಡ್ 700ಸಿ, ರಿಚರ್ಡ್ ಸ್ಯಾಪರ್ ಅವರ ಕಪ್ಪು ವಿನ್ಯಾಸದೊಳಗೆ 10.4 ಅಂಗುಲದ ಉತ್ತಮ ವರ್ಣಪರದೆಯನ್ನು ತಂದಿತು.

ಅತ್ತ ಮೇಜಿನ ಗಣಕದ ಲೋಕದಲ್ಲಿ ಬೇರೊಂದು ಪದ್ಧತಿ ಹುಟ್ಟಿಕೊಂಡಿದ್ದಿತು. 1993ರ ಡಿಸೆಂಬರಿನಲ್ಲಿ ಬಂದ 'ಡೂಮ್', 1996ರ 'ಕ್ವೇಕ್' ಎಂಬ ಆಟಗಳನ್ನು ಹಲವರು ತಮ್ಮ ತಮ್ಮ ಗಣಕಗಳನ್ನು ಕೇಬಲ್ಲಿನಿಂದ ಜೋಡಿಸಿ ಏಕಕಾಲದಲ್ಲಿ ಆಡಬಹುದಾಗಿತ್ತು. ಆದುದರಿಂದ ಅಮೆರಿಕ, ಯೂರೋಪುಗಳ ತರುಣರು ಗಣಕದ ಪೆಟ್ಟಿಗೆಯನ್ನೂ ಗಾಜಿನ ಭಾರವಾದ ಮಾನಿಟರನ್ನೂ ಕಾರಿನಲ್ಲಿ ಹೇರಿಕೊಂಡು ಗೆಳೆಯನ ಮನೆಗೋ ಬಾಡಿಗೆಯ ಸಭಾಂಗಣಕ್ಕೋ ಹೋಗಿ ರಾತ್ರಿಯಿಡೀ ಆಡುವ ಕೂಟಗಳು ಆರಂಭವಾದುವು. ಟೆಕ್ಸಾಸಿನಲ್ಲಿ 1996ರಲ್ಲಿ ಮೊದಲ್ಗೊಂಡ ಕ್ವೇಕ್‌ಕಾನ್ ಇಂಥ ಕೂಟಗಳಲ್ಲಿ ಹೆಸರಾಂತದ್ದು. ನಮ್ಮ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಹುಡುಗರು ಮುಂದೆ ಇದೇ ಬಗೆಯ ಆಟಗಳನ್ನು ಆಡತೊಡಗಿದಾಗ ಯಂತ್ರವನ್ನು ಹೊರುವ ಪ್ರಸಂಗ ಒದಗಲಿಲ್ಲ. ಹೊರಲು ಸ್ವಂತ ಯಂತ್ರವೇ ಹಲವರಿಗಿರಲಿಲ್ಲ. ಗಂಟೆಗಿಷ್ಟೆಂದು ತೆತ್ತು ಸೈಬರ್ ಕೆಫೆಯಲ್ಲಿ ಸಾಲಾಗಿ ಕುಳಿತು 'ಕೌಂಟರ್ ಸ್ಟ್ರೈಕ್' ಆಡಿದ ಆ ಪೀಳಿಗೆಯೇ ಇಂದು ಸಂಬಳದ ಹಣದಲ್ಲಿ ಗೇಮಿಂಗ್ ಲ್ಯಾಪ್‌ಟಾಪನ್ನು ಕೊಳ್ಳುತ್ತಿರುವುದು, ಮಕ್ಕಳಿಗೆ ಕೊಡಿಸುತ್ತಿರುವುದು.

ಆ ಹೊರೆಯ ಕಷ್ಟವನ್ನು ಕಂಡೇ ಆಟದ ಲ್ಯಾಪ್‌ಟಾಪು ಹುಟ್ಟಿತೆನ್ನಬಹುದು. 1996ರಲ್ಲಿ ಮಯಾಮಿಯಲ್ಲಿ ಸ್ಥಾಪಿತವಾದ ಏಲಿಯನ್‌ವೇರ್ ಕಂಪನಿಯು 2002ರಲ್ಲಿ ತಂದ 'ಏರಿಯಾ-51ಎಂ' ಈ ಜಾತಿಯ ಆದಿಪುರುಷರಲ್ಲೊಂದು. ಆಟದ ದೃಶ್ಯಗಳನ್ನು ಬಿಡಿಸುವ ಗ್ರಾಫಿಕ್ಸ್ ಚಿಪ್ಪಿನ ಲ್ಯಾಪ್‌ಟಾಪು ರೂಪವನ್ನು ನ್ವಿಡಿಯಾ ಕಂಪನಿ 'ಜಿಫೋರ್ಸ್2 ಗೋ' ಎಂಬ ಹೆಸರಿನಿಂದ 2000ದಲ್ಲಿಯೇ ಹೊರತಂದಿದ್ದಿತು. ಆದರೆ ಅಂದಿನ ಆಟದ ಲ್ಯಾಪ್‌ಟಾಪುಗಳನ್ನು ಮಾಡಿದವರು ಬಲವೊಂದನ್ನೇ ಆರಾಧಿಸಿದರು. ಮೇಜಿನ ಗಣಕಕ್ಕೆಂದು ನಿರ್ಮಿತವಾದ, 80 ವ್ಯಾಟಿನ ಆಚೀಚೆ ವಿದ್ಯುತ್ತು ಬೇಡುವ ಪೆಂಟಿಯಮ್ 4 ಚಿಪ್ಪನ್ನೇ ಹಲವರು ಮಡಚುವ ಕವಚದೊಳಗೆ ತುರುಕಿದರು. ತಾಮ್ರದ ಶಾಖನಳಿಗೆಗಳನ್ನು ಒಂದರ ಪಕ್ಕ ಒಂದು ಹಾಸಿದರು. (1963ರಲ್ಲಿ ಲಾಸ್ ಅಲಾಮೋಸಿನಲ್ಲಿ ಜಾರ್ಜ್ ಗ್ರೋವರ್ ರೂಪುಗೊಳಿಸಿದ ಈ ನಳಿಗೆಯು ಒಂದು ವಿಸ್ಮಯವೇ ಸರಿ: ಒಳಗಿನ ತೊಟ್ಟು ದ್ರವವು ಬಿಸಿಯ ತುದಿಯಲ್ಲಿ ಆವಿಯಾಗಿ, ತಂಪಿನ ತುದಿಯಲ್ಲಿ ಮತ್ತೆ ದ್ರವವಾಗಿ, ಒಳಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ತಾನೇ ಹಿಂದಿರುಗುತ್ತದೆ, ಪಂಪೂ ಬೇಡ, ವಿದ್ಯುತ್ತೂ ಬೇಡ.) ನಾಲ್ಕು ಕಿಲೋ ತೂಗುವ ಆ ಯಂತ್ರಗಳು ಬ್ಯಾಟರಿಯ ಮೇಲೆ ಹೆಚ್ಚು ಹೊತ್ತು ಬಾಳುತ್ತಿರಲಿಲ್ಲ, ತೊಡೆಯ ಮೇಲೆ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ. ಅವುಗಳ ರೂಪವೂ ಅದೇ ಆರಾಧನೆಯನ್ನು ಸಾರುತ್ತಿದ್ದಿತು: ಅನ್ಯಲೋಕದ ಮುಖಗಳು, ಕೆಂಪು ದೀಪಗಳು, ಉಬ್ಬಿದ ಅಂಚುಗಳು. ಆಟದ ಕೂಟದ ಕತ್ತಲೆಯ ಅಂಗಳಕ್ಕೆ ಆ ವೇಷವು ಒಪ್ಪುತ್ತಿದ್ದಿತು. ಕಾಲೇಜಿನ ಬೆಂಚಿಗೂ ಕಚೇರಿಯ ಸಭೆಗೂ ಒಪ್ಪುತ್ತಿರಲಿಲ್ಲ.

ಬೇರೆ ದಾರಿಯುಂಟೆಂಬುದನ್ನು ತೋರಿದವರು ಇಂಟೆಲ್ ಕಂಪನಿಯ ಇಸ್ರೇಲ್ ಶಾಖೆಯ, ಹೈಫಾ ನಗರದ ಎಂಜಿನಿಯರುಗಳು. 2003ರ ಮಾರ್ಚ್ ತಿಂಗಳಲ್ಲಿ ಹೊರಬಂದ ಅವರ ಪೆಂಟಿಯಮ್ ಎಂ ಚಿಪ್ಪು ಗಿಗಾಹರ್ಟ್ಸಿನ ಪೈಪೋಟಿಯನ್ನೇ ಕೈಬಿಟ್ಟು, 24.5 ವ್ಯಾಟಿನ ಮಿತಿಯೊಳಗೆ, ತನಗಿಂತ ಬಹಳ ಹೆಚ್ಚಿನ ವೇಗಾಂಕವುಳ್ಳ ಪೆಂಟಿಯಮ್ 4ಕ್ಕೆ ಸರಿಗಟ್ಟುವಷ್ಟು ಕೆಲಸ ಮಾಡಿತು. ಇದರ ಹಿಂದಿನ ಭೌತಶಾಸ್ತ್ರವನ್ನು ಅರಿಯುವುದು ಒಳ್ಳೆಯದು. ಚಿಪ್ಪಿನ ವೇಗವನ್ನೇರಿಸಬೇಕಾದರೆ ಒಂದು ಹಂತದ ಆಚೆಗೆ ವೋಲ್ಟೇಜನ್ನೂ ಏರಿಸಬೇಕು. ವಿದ್ಯುತ್ತಿನ ವ್ಯಯವಾದರೋ ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿ ಬೆಳೆಯುವುದು. ಆದುದರಿಂದ ಕಟ್ಟಕಡೆಯ ಅಲ್ಪ ವೇಗಕ್ಕಾಗಿ ತೆರಬೇಕಾದ ವಿದ್ಯುತ್ತೂ ತಾಳಬೇಕಾದ ತಾಪವೂ ಅದರ ಫಲಕ್ಕೆ ಯಾವ ರೀತಿಯಲ್ಲಿಯೂ ಸಮನಾಗವು. ಆ ಕಡೆಯ ತುತ್ತನ್ನು ತ್ಯಜಿಸುವವನಿಗೆ ಉಳಿದುದೆಲ್ಲ ಸುಲಭ.

2010ರಲ್ಲಿ ನ್ವಿಡಿಯಾ ತಂದ 'ಆಪ್ಟಿಮಸ್' ಇದೇ ಸಂಯಮದ ಇನ್ನೊಂದು ಮುಖ. ಪತ್ರ ಬರೆಯುವಾಗ, ಚಿತ್ರ ನೋಡುವಾಗ ದೊಡ್ಡ ಗ್ರಾಫಿಕ್ಸ್ ಚಿಪ್ಪು ನಿದ್ರಿಸುವುದು, ಆಟ ತೆರೆದಾಗ ಮಾತ್ರ ಏಳುವುದು, ಬಳಸುವವನಿಗೆ ಈ ಬದಲಾವಣೆ ಗೊತ್ತೇ ಆಗದಿರುವುದು: ಇಷ್ಟೇ ಅದರ ತತ್ತ್ವ. ನಿತ್ಯೋಪಯೋಗದ ದೃಷ್ಟಿಯಿಂದ ನೋಡಿದರೆ ವೇಗದ ಎಷ್ಟೋ ದಾಖಲೆಗಳಿಗಿಂತ ಇದು ಹಿರಿದೆಂದು ನಾನು ಎಣಿಸುತ್ತೇನೆ. ಅದೇ ವರ್ಷ ಏಲಿಯನ್‌ವೇರ್ 11.6 ಅಂಗುಲದ ಪುಟ್ಟ ಯಂತ್ರವೊಂದನ್ನು ಮಾಡಿತು. ರೇಜರ್ ಕಂಪನಿ 2011ರಲ್ಲಿ ತೆಳುವಾದ ಕಪ್ಪು 'ಬ್ಲೇಡ್' ಅನ್ನು, 2013ರಲ್ಲಿ ಅದರ 14 ಅಂಗುಲದ ರೂಪವನ್ನು ತಂದು, ಆಟದ ಯಂತ್ರವೂ ಸಭ್ಯವೇಷದಲ್ಲಿ ಇರಬಲ್ಲುದೆಂದು ತೋರಿಸಿತು.

2017ರಲ್ಲಿ ತೈಪೆಯ ಮೇಳದಲ್ಲಿ ನ್ವಿಡಿಯಾ 'ಮ್ಯಾಕ್ಸ್-ಕ್ಯೂ' ಎಂಬ ಯೋಜನೆಯನ್ನು ಪ್ರಕಟಿಸಿತು. ಮೇಜಿನ ಗಣಕದಲ್ಲಿ 180 ವ್ಯಾಟ್ ಬೇಡುತ್ತಿದ್ದ ಜಿಟಿಎಕ್ಸ್ 1080 ಚಿಪ್ಪನ್ನು 90ರಿಂದ 110 ವ್ಯಾಟಿನೊಳಗೆ ಕಟ್ಟಿಹಾಕಿದುದು ಅದರ ಸಾಧನೆ. ಅದರೊಡನೆಯೇ ಆಸುಸ್ ಕಂಪನಿ ತಂದ ಮೊದಲ 'ಝೆಫಿರಸ್' 17.9 ಮಿಲಿಮೀಟರು ದಪ್ಪ, 2.2 ಕಿಲೋ ತೂಕ. ಮುಚ್ಚಳ ತೆರೆದೊಡನೆ ಅದರ ತಳದ ಫಲಕವು ಹಿಂಬದಿಯಲ್ಲಿ ತುಸು ಕೆಳಕ್ಕಿಳಿದು ಗಾಳಿಗೆ ದಾರಿ ಮಾಡಿಕೊಡುತ್ತಿದ್ದಿತು; ಜಾಣ್ಮೆಯ ರಚನೆಯೆನ್ನದೆ ವಿಧಿಯಿಲ್ಲ. ಆದರೆ ಗಾಳಿಗಾಗಿ ಮೇಲ್ಭಾಗವನ್ನೂ ಬಿಟ್ಟುಕೊಡಬೇಕಾಗಿ ಬಂದುದರಿಂದ ಕೀಲಿಮಣೆಯನ್ನು ಮುಂದಿನ ಅಂಚಿಗೇ ತಳ್ಳಿದರು, ಅಂಗೈಗೆ ಆಧಾರವಾಗಿ ಬೇರೊಂದು ರಬ್ಬರಿನ ಪಟ್ಟಿಯನ್ನು ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. 1991ರಲ್ಲಿ ಬರೆಯುವವರಿಗೆ ದೊರೆತ ಉಪಕಾರವು ಇಪ್ಪತ್ತಾರು ವರ್ಷಗಳ ಮೇಲೆ ಆಟಕ್ಕಾಗಿ ಹಿಂದಕ್ಕೆ ಹೋಯಿತು. ಆ ಯಂತ್ರವನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟು ನಾಲ್ಕು ಪುಟ ಬರೆಯುವುದು ದುಸ್ಸಾಧ್ಯ. ತೆಳುವಾದುದೆಲ್ಲವೂ ನಿತ್ಯಕ್ಕೆ ಒದಗಿತೆಂದು ತಿಳಿಯಬಾರದು.

ನಿಜವಾದ ಸಂಧಿಯಾದದ್ದು 2020ರ ಜನವರಿಯಲ್ಲಿ, ಅದೇ ವಂಶದ 'ಝೆಫಿರಸ್ ಜಿ14' ಪ್ರಕಟವಾದಾಗ. 14 ಅಂಗುಲದ ಪರದೆ, 1.6 ಕಿಲೋ ತೂಕ, ಕೀಲಿಮಣೆ ತನ್ನ ಸಹಜ ಸ್ಥಾನದಲ್ಲಿ, ಅಂಗೈಗೆ ಜಾಗ ಯಥಾವತ್ತು. ಒಳಗೆ 35 ವ್ಯಾಟಿನ ಮಿತಿಯಲ್ಲಿ ಎಂಟು ಕೋರುಗಳನ್ನು ದುಡಿಸುವ ಎಎಂಡಿಯ ರೈಜನ್ ಚಿಪ್ಪು. 76 ವ್ಯಾಟ್-ಗಂಟೆಯ ಬ್ಯಾಟರಿ. ಫೋನಿನ ಚಾರ್ಜರಿನಂಥ ಚಿಕ್ಕ ಯುಎಸ್‌ಬಿ-ಸಿ ಚಾರ್ಜರಿನಿಂದಲೂ ವಿದ್ಯುತ್ತು ಪಡೆಯುವ ಅನುಕೂಲ. ಬೆಲೆಯುಳ್ಳ ಮಾದರಿಗಳ ಮುಚ್ಚಳದ ಮೇಲೆ 1,215 ಕಿರುದೀಪಗಳು ಚಿತ್ರ ಬಿಡಿಸುತ್ತಿದ್ದುವು, ಬೇಡವೆಂದಾಗ ಆರಿಸಿದರೆ ಕಾಣುತ್ತಿದ್ದುದು ಸೂಕ್ಷ್ಮ ರಂಧ್ರಗಳ ಶಾಂತವಾದ ಹರವು ಮಾತ್ರ. ಕೊರತೆಯೊಂದು ದೊಡ್ಡದಾಗಿ ಉಳಿಯಿತು: ಆ ಯಂತ್ರಕ್ಕೆ ಕ್ಯಾಮೆರಾ ಇರಲಿಲ್ಲ. ಆಡುವವನಿಗೆ ಅದು ಬೇಡವೆಂದು ತಯಾರಕರು ಭಾವಿಸಿದ ಕೆಲವೇ ತಿಂಗಳುಗಳಲ್ಲಿ ಮಹಾಮಾರಿಯಿಂದಾಗಿ ಜಗತ್ತಿನ ಪಾಠಶಾಲೆಗಳೂ ಕಚೇರಿಗಳೂ ಕ್ಯಾಮೆರಾದ ಮುಂದೆ ಬಂದು ಕುಳಿತುವು. 2022ರ ಮಾದರಿಯಲ್ಲಿ ಆ ಲೋಪವನ್ನು ತಿದ್ದಿದರು. ನಿತ್ಯಜೀವನಕ್ಕೆ ಏನು ಬೇಕೆಂಬುದನ್ನು ಆಟಗಾರನ ಬಾಳಿನ ಒಂದು ತುಂಡನ್ನು ನೋಡಿ ನಿರ್ಣಯಿಸಲಾಗದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇಷ್ಟನ್ನು ತಿಳಿದ ಮೇಲೆ ಇಂಥ ಯಂತ್ರವನ್ನು ತೂಗಿ ನೋಡುವ ಕ್ರಮವು ಬೇರೆಯಾಗುತ್ತದೆ. ಆಟದಲ್ಲಿ ಎಷ್ಟು ವೇಗ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಆಟವಿಲ್ಲದಾಗ ದೊಡ್ಡ ಚಿಪ್ಪು ನಿಜವಾಗಿಯೂ ಮಲಗುವುದೆ, ಗ್ರಂಥಾಲಯದ ಮೌನದಲ್ಲಿ ಫ್ಯಾನು ಸುಮ್ಮನಿರುವುದೆ ಎಂದು ಕೇಳುವವರು ಕಡಮೆ. ಬ್ಯಾಟರಿಯ ಮೇಲೆ ಆಡಿದರೆ ಎಲ್ಲ ಆಟದ ಲ್ಯಾಪ್‌ಟಾಪುಗಳೂ ಬಹಳ ಕುಗ್ಗುತ್ತವೆ, ಏಕೆಂದರೆ ಅಷ್ಟು ವ್ಯಾಟನ್ನು ಒಮ್ಮೆಗೇ ಕೊಡುವ ಶಕ್ತಿ ಬ್ಯಾಟರಿಗಿಲ್ಲ. ವಿಮಾನದಲ್ಲಿ ಅನುಮತಿಯಿಲ್ಲದೆ ಒಯ್ಯಬಹುದಾದ 100 ವ್ಯಾಟ್-ಗಂಟೆಯ ಮಿತಿಯಿರುವ ತನಕ ಬ್ಯಾಟರಿ ಅದಕ್ಕಿಂತ ದೊಡ್ಡದಾಗುವಂತೆಯೂ ಇಲ್ಲ. ಆದ್ದರಿಂದ ಆಟಕ್ಕೆಂದು ದೊಡ್ಡ ಚಾರ್ಜರನ್ನೂ ಚೀಲದಲ್ಲಿ ಹೊರಬೇಕಾದವರು ಯಂತ್ರದ ತೂಕದೊಡನೆ ಅದರ ತೂಕವನ್ನೂ ಸೇರಿಸಿ ಎಣಿಸಬೇಕು. ನಮ್ಮ ನಾಡಿನವರು ಇನ್ನೊಂದನ್ನು ಮರೆಯಬಾರದು. ತಂಪುಮಾಡುವ ಯಾವ ಏರ್ಪಾಡಾದರೂ ಕೋಣೆಯ ಗಾಳಿಗೂ ಚಿಪ್ಪಿಗೂ ಇರುವ ತಾಪಾಂತರವನ್ನೇ ಅವಲಂಬಿಸಿರುವುದರಿಂದ, ಹವಾನಿಯಂತ್ರಿತ ಪ್ರಯೋಗಶಾಲೆಯಲ್ಲಿ ಶಾಂತವಾಗಿ ದುಡಿದ ಯಂತ್ರವು 40 ಡಿಗ್ರಿ ದಾಟಿದ ರಾಯಚೂರಿನ ಬೇಸಗೆಯ ಮಧ್ಯಾಹ್ನದಲ್ಲಿ ಅಬ್ಬರಿಸಿಯೇ ತೀರುತ್ತದೆ. ಧೂಳು ಕಟ್ಟಿದ ಫ್ಯಾನು ಅದನ್ನು ಇಮ್ಮಡಿಗೊಳಿಸುತ್ತದೆ.

2024ರ ಜಿ14 ಅಖಂಡ ಅಲ್ಯೂಮಿನಿಯಮ್ ಕವಚವನ್ನೂ ಓಎಲ್ಇಡಿ ಪರದೆಯನ್ನೂ ಧರಿಸಿ ಒಂದೂವರೆ ಕಿಲೋಗೆ ಇಳಿಯಿತು. ನೋಡಲು ಇದಕ್ಕಿಂತ ಚೆಲುವಾದ ಆಟದ ಯಂತ್ರ ಅಪರೂಪ. ಆದರೆ ಆ ತೆಳುವಿಗಾಗಿ ತೆತ್ತ ಬೆಲೆಯೊಂದುಂಟು, ಅದು ನನ್ನ ಮನಸ್ಸಿಗೆ ನೋವು ತರುವಂಥದು. 2020ರ ಮಾದರಿಯಲ್ಲಿ ರ‍್ಯಾಮ್ ಸೇರಿಸಲು ಒಂದು ಸ್ಲಾಟು ಇದ್ದಿತು. ಹೊಸದರಲ್ಲಿ ಎಲ್ಲವನ್ನೂ ಬೋರ್ಡಿಗೇ ಬೆಸೆದಿದ್ದಾರೆ. ಬೆಂಗಳೂರಿನ ಎಸ್.ಪಿ. ರೋಡಿನ ಕಿರಿದಾದ ಅಂಗಡಿಗಳಲ್ಲಿ ಹಳೆಯ ಲ್ಯಾಪ್‌ಟಾಪಿಗೆ ರ‍್ಯಾಮು ಹಾಕಿಸಿ ಇನ್ನೆರಡು ಮೂರು ವರ್ಷ ದುಡಿಸಿಕೊಳ್ಳುವ ನಮ್ಮ ಮಧ್ಯಮವರ್ಗದ ರೂಢಿಗೆ ಇಲ್ಲಿ ಅವಕಾಶವೇ ಇಲ್ಲ. ಎಸ್ಎಸ್‌ಡಿಯನ್ನು ಮಾತ್ರ ಈಗಲೂ ಬದಲಿಸಬಹುದು. ಐದಾರು ವರ್ಷ ಬಳಸುವ ಉದ್ದೇಶವುಳ್ಳವರು 16 ಜಿಬಿಯ ಮಾದರಿಯನ್ನು ಬಿಟ್ಟು, ಬೆಲೆ ಹೆಚ್ಚಾದರೂ ಸರಿಯೆ, 32 ಜಿಬಿಯದನ್ನು ಕೊಳ್ಳುವಾಗಲೇ ಆರಿಸಿಕೊಳ್ಳಬೇಕು.