ಹಿಮಕ್ಕ ಬ್ಯಾರೆ ಟೈರು

ನಮ್ಮ ಜತ್ತ ಭಾಗದ ಎರಿ ಹೊಲದಾಗ ಮಳಿ ಹಿಡಿದರ ಚಕ್ಕಡಿ ಅಚ್ಚಿನ ತನಕ ಹೂಳ್ತದ. ಕಬ್ಬಿಣದ ಪಟ್ಟಿ ಬಡಿದ ಸಣ್ಣ ಗಾಲಿ ನೆಲ ಕೊರೀತದ, ಅಗಲ ರಬ್ಬರ ಗಾಲಿ ಮ್ಯಾಲ ನಿಲ್ತದ. ಆದರ ರಬ್ಬರದೊಳಗೂ ಜಾತಿ ಅದಾವ.

ಲಾರಿ ಮುಂದಿನ ಟೈರಿಗೆ ಉದ್ದ ಗೆರಿ ಇರುತ್ತವೆ. ಸ್ಟೇರಿಂಗ ಮಾತು ಕೇಳಬೇಕು, ಮಳಿನೀರು ಗೆರಿಯೊಳಗ ಹರಿದು ಹೋಗಬೇಕು. ಹಿಂದಿನದಕ್ಕ ಅಡ್ಡ ದಪ್ಪ ಕಟ್ಟು, ರಾಡಿ ಹಿಡಿದು ಜಗ್ಗಲಿಕ್ಕೆ. ಇಷ್ಟು ನಮ್ಮ ಡ್ರೈವರ ಹುಡುಗರು ಬಲ್ಲರು.

ಹಿಮದ ಮಾತೇ ಬ್ಯಾರೆ. ಥಂಡಿಗೆ ಸಾದಾ ರಬ್ಬರ ಬಿರುಸಾಗಿ ಹಿಡಿತ ಬಿಡ್ತದ. 1904ರಲ್ಲಿ ಅಮೆರಿಕದ ಹ್ಯಾರಿ ವೀಡ್ ಎಂಬವರು ಟೈರಿಗೆ ಸುತ್ತುವ ಸರಪಳಿಗೆ ಪೇಟೆಂಟ್ ಪಡೆದರು. 1934ರಲ್ಲಿ ಫಿನ್‌ಲ್ಯಾಂಡಿನ ಒಂದು ರಬ್ಬರ ಕಾರ್ಖಾನೆ ಹಿಮಕ್ಕಂತಲೇ ಟೈರು ತಯಾರಿಸಿತು. ಅದು ಲಾರಿಯದು! ಕಾರಿನದು ಬಂದದ್ದು 1936ರಲ್ಲಿ. ಹೊರೆ ಹೊರುವವನ ಪಾಳಿ ಮೊದಲು ಬಂತಲ್ಲ, ರೈತನಾದ ನನಗ ಅದು ಭಾಳ ಸೇರಿತು.

ಈಗ ನಮ್ಮ ಹುಡುಗರು ದ್ರಾಕ್ಷಿ, ದಾಳಿಂಬೆ ಹೇರಿಕೊಂಡು ಉತ್ತರಕ್ಕ ಹೋಗ್ತಾರ. ಕೆಲವು ಮಾಲಕರು ಬೋಳಾದ ಟೈರಿನ ಮ್ಯಾಲೇ ಕಳಿಸ್ತಾರ. ಅದರಾಗ ನೀರು ಹೋಗಲಿಕ್ಕೆ ಗೆರಿ ಎಲ್ಲಿ ಉಳಿದಾವ? ಚಳಿಗಾಲದಾಗ ಹಿಮದ ಘಟ್ಟ ಹತ್ತುವವರು ಸರಪಳಿ ಕೇಳಿ ಪಡೀರಪ್ಪಾ. ಗಾಜಿನಂಥ ಬರ್ಫದ ಮ್ಯಾಲ ಹೊಸ ಟೈರೂ ಜಾರ್ತದ.