ಐರಿಷ್ ಗ್ರಾಮಾಂತರದ ಪ್ರಣಯ ಕಾದಂಬರಿಗಳು: ಆಕರ್ಷಣೆಯ ಚಾರಿತ್ರಿಕ ಹಿನ್ನೆಲೆ

ಐರ್ಲೆಂಡಿನ ಹಳ್ಳಿಗಳನ್ನು ಕಥಾಭೂಮಿಯಾಗಿ ಇಟ್ಟುಕೊಂಡ ಲಘು ಪ್ರಣಯ ಕಾದಂಬರಿಗಳಿಗೆ ಇಂದು ಹಲವು ದೇಶಗಳಲ್ಲಿ ವಾಚಕರಿದ್ದಾರೆ. ಅವುಗಳ ಕಥಾಸರಣಿ ಬಹುಮಟ್ಟಿಗೆ ಒಂದೇ ಬಗೆಯದು. ದೂರದ ನಗರದಲ್ಲಿ ಬಾಳಿ ಬೇಸತ್ತ ನಾಯಿಕೆ, ಹಿರಿಯರಿಂದ ತನಗೆ ಬಂದ ಹಳೆಯ ಮನೆಯೊಂದನ್ನು ನೋಡಲು ಪಶ್ಚಿಮ ತೀರದ ಹಳ್ಳಿಗೆ ಬರುತ್ತಾಳೆ. ಹೊರಗೆ ಮಳೆ, ಒಳಗೆ ಒಲೆಯ ಬೆಂಕಿ, ಚಹಾ, ನೆರೆಹೊರೆಯವರ ಮಾತು. ಕೊನೆಗೆ ವಿವಾಹ, ಅಲ್ಲಿಯೇ ನೆಲಸುವ ನಿರ್ಧಾರ. ವಿಮರ್ಶಕರು ಇಂಥ ಕೃತಿಗಳನ್ನು ಕಾಲಹರಣದ ಸಾಹಿತ್ಯವೆಂದು ಬದಿಗಿಡುವುದುಂಟು. ಚರಿತ್ರೆಯ ವಿದ್ಯಾರ್ಥಿಗೆ ಅದು ಸಾಲದು. ಒಂದೇ ಕಥೆಯನ್ನು ಜನ ಮತ್ತೆ ಮತ್ತೆ ಬಯಸಿದರೆ ಆ ಬಯಕೆಗೂ ಒಂದು ಇತಿಹಾಸವಿರಬೇಕು. ಈ ಕಾದಂಬರಿಗಳು ಕೊಡುವ ನೆಮ್ಮದಿ ಐರಿಷ್ ಹಳ್ಳಿಯ ನಿಜಸ್ಥಿತಿಯಿಂದ ಹುಟ್ಟಿದ್ದಲ್ಲ. ಅಲ್ಲಿನ ಇತಿಹಾಸದ ನೋವುಗಳನ್ನು ಒಂದೊಂದಾಗಿ ತಿರುವಿಹಾಕಿದ್ದರಿಂದ ಹುಟ್ಟಿದ್ದು ಎಂಬುದು ನಮ್ಮ ಅಭಿಪ್ರಾಯ.

ಈ ಪರಂಪರೆಯ ಆದಿಯನ್ನು ಹುಡುಕುತ್ತ ಹೋದರೆ 1806ರಲ್ಲಿ ಪ್ರಕಟವಾದ ‘ದಿ ವೈಲ್ಡ್ ಐರಿಷ್ ಗರ್ಲ್’ ಎಂಬ ಕಾದಂಬರಿ ಎದುರಾಗುತ್ತದೆ. ಇದನ್ನು ಬರೆದ ಸಿಡ್ನಿ ಓವೆನ್ಸನ್ ಮುಂದೆ ಲೇಡಿ ಮಾರ್ಗನ್ ಎಂದು ಪ್ರಸಿದ್ಧಳಾದಳು. ಐರ್ಲೆಂಡು ಬ್ರಿಟನ್ನಿನೊಡನೆ ವಿಲೀನಗೊಂಡದ್ದು 1801ರಲ್ಲಿ. ಕೃತಿ ಹೊರಬಂದದ್ದು ಅದಾದ ಐದು ವರ್ಷಗಳಿಗೆ. ಇಂಗ್ಲಿಷ್ ಭೂಮಾಲಿಕನ ಮಗನೊಬ್ಬನು ಪಶ್ಚಿಮದ ಕನಾಟ್ ಪ್ರಾಂತಕ್ಕೆ ಬಂದು, ತನ್ನ ಪೂರ್ವಿಕರು ಯಾರ ಭೂಮಿಯನ್ನು ಕಿತ್ತುಕೊಂಡಿದ್ದರೋ ಆ ಮನೆತನದ ಕನ್ಯೆಯನ್ನೇ ಪ್ರೀತಿಸಿ ಮದುವೆಯಾಗುವುದು ಇದರ ವಸ್ತು. ಭೂಮಿಯ ವ್ಯಾಜ್ಯವನ್ನು ವಿವಾಹವು ತೀರಿಸುತ್ತದೆ. ಮುಂದಿನ ಪ್ರಣಯಕಥೆಗಳಿಗೆ ಈ ಮಾದರಿ ಅಡಿಗಲ್ಲಾಯಿತೆನ್ನಬಹುದು. ಆದರೆ ನಿಜಜೀವನದಲ್ಲಿ ಆ ವ್ಯಾಜ್ಯ ಇಷ್ಟು ಸುಲಭವಾಗಿ ತೀರಲಿಲ್ಲ.

1845ರಲ್ಲಿ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಮಹಾಕ್ಷಾಮ ಆರಂಭವಾಯಿತು. ಸುಮಾರು 10 ಲಕ್ಷ ಜನ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. 1841ರಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆ 1851ಕ್ಕೆ ಸುಮಾರು 65 ಲಕ್ಷಕ್ಕೆ ಇಳಿಯಿತು. ಕ್ಷಾಮ ಮುಗಿದರೂ ವಲಸೆ ನಿಲ್ಲಲಿಲ್ಲ. ಇಂದಿನ ಗಣರಾಜ್ಯಕ್ಕೆ ಸೇರಿದ 26 ಜಿಲ್ಲೆಗಳಲ್ಲಿ 1841ರಲ್ಲಿ 65 ಲಕ್ಷ ಜನರಿದ್ದರೆ, 1961ರಲ್ಲಿ ಉಳಿದವರು ಸುಮಾರು 28 ಲಕ್ಷ ಮಾತ್ರ. ಈ ವಲಸಿಗರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಹೆಂಗಸರು, ಅವರಲ್ಲಿಯೂ ಬಹುಪಾಲು ಅವಿವಾಹಿತೆಯರು ಎಂಬುದು ಗಮನಾರ್ಹ.

ಇದರ ಕಾರಣ ಆಸ್ತಿಯ ಪದ್ಧತಿಯಲ್ಲಿದೆ. ಅಮೆರಿಕದ ಮಾನವಶಾಸ್ತ್ರಜ್ಞರಾದ ಅರೆನ್ಸ್‌ಬರ್ಗ್ ಮತ್ತು ಕಿಂಬಾಲ್ ಅವರು 1930ರ ದಶಕದಲ್ಲಿ ಕ್ಲೇರ್ ಜಿಲ್ಲೆಯಲ್ಲಿ ನಡೆಸಿದ ಅಧ್ಯಯನ 1940ರಲ್ಲಿ ಗ್ರಂಥರೂಪದಲ್ಲಿ ಹೊರಬಂತು. ಹೊಲ ಒಬ್ಬ ಮಗನಿಗೆ ಮಾತ್ರ ಸಲ್ಲುತ್ತಿತ್ತು. ಅವನ ಮದುವೆಯನ್ನು ಹಿರಿಯರು ಚೌಕಾಸಿ ಮಾಡಿ ಗೊತ್ತುಪಡಿಸುತ್ತಿದ್ದರು. ಸೊಸೆ ತಂದ ವರದಕ್ಷಿಣೆಯ ಹಣ ವರನ ಒಡಹುಟ್ಟಿದವರಿಗೆ ನೆಲೆ ಕಲ್ಪಿಸಲು ಒದಗುತ್ತಿತ್ತು. ಹೊಲವೂ ಇಲ್ಲದೆ ವರದಕ್ಷಿಣೆಯೂ ಇಲ್ಲದೆ ಉಳಿದ ಮಕ್ಕಳಿಗೆ ಹಡಗೇ ಗತಿ. ಮನೆ ಉಳಿಯಬೇಕಾದರೆ ಮಕ್ಕಳು ಹೊರಡಬೇಕು ಎಂಬುದು ಅಲ್ಲಿನ ಬಾಳಿನ ಕಟು ನಿಯಮವಾಗಿತ್ತು.

ಈ ನಿಯಮವನ್ನು ಕಥೆ ಹೇಗೆ ತಿರುವಿಹಾಕಿತೆಂಬುದಕ್ಕೆ ‘ದಿ ಕ್ವೈಯಟ್ ಮ್ಯಾನ್’ ಒಳ್ಳೆಯ ನಿದರ್ಶನ. ಮಾರಿಸ್ ವಾಲ್ಷ್ ಬರೆದ ಈ ಕಥೆ 1933ರಲ್ಲಿ ಅಮೆರಿಕದ ವಾರಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಐರಿಷ್ ವಲಸಿಗರ ಮಗನಾದ ನಿರ್ದೇಶಕ ಜಾನ್ ಫೋರ್ಡ್ ಅದನ್ನು 1952ರಲ್ಲಿ ಚಲಚ್ಚಿತ್ರವಾಗಿಸಿದನು. ಅಮೆರಿಕದಿಂದ ಹಿಂದಿರುಗಿದ ನಾಯಕ ತಾನು ಹುಟ್ಟಿದ ಮನೆಯನ್ನು ಕೊಂಡುಕೊಳ್ಳುತ್ತಾನೆ. ಹೆಂಡತಿ ಹಟಹಿಡಿದು ಪಡೆದ ವರದಕ್ಷಿಣೆಯ ಹಣವನ್ನು ದಂಪತಿಗಳು ಬೆಂಕಿಗೆ ಹಾಕುತ್ತಾರೆ. ತೆರೆಯ ಮೇಲೆ ಒಬ್ಬನು ಊರಿಗೆ ಮರಳಿದ ಆ ದಶಕದಲ್ಲಿಯೇ, ಎಂದರೆ 1951ರಿಂದ 1961ರವರೆಗೆ, ಬಂದವರನ್ನು ಕಳೆದು ಸುಮಾರು 4 ಲಕ್ಷ ಜನ ದೇಶವನ್ನು ತೊರೆದರು. ಕಥೆಗೂ ಅಂಕಿಗೂ ಇರುವ ಈ ವಿರೋಧವೇ ಕಥೆಯ ಜನಪ್ರಿಯತೆಗೆ ವ್ಯಾಖ್ಯಾನ.

ಹಳ್ಳಿಯೊಳಗೇ ಬೆಳೆದವರ ಬರಹದಲ್ಲಿ ಇಂಥ ನೆಮ್ಮದಿ ವಿರಳ. ಕವಿ ಪ್ಯಾಟ್ರಿಕ್ ಕ್ಯಾವನಾ 1942ರಲ್ಲಿ ಪ್ರಕಟಿಸಿದ ‘ದಿ ಗ್ರೇಟ್ ಹಂಗರ್’ ಎಂಬ ದೀರ್ಘಕವನದ ರೈತ, ತಾಯಿಗೂ ಹೊಲಕ್ಕೂ ಕಟ್ಟುಬಿದ್ದು ಮದುವೆಯಿಲ್ಲದೆ ಮುದಿಯಾಗುತ್ತಾನೆ. ಕ್ಲೇರ್ ಜಿಲ್ಲೆಯಲ್ಲಿಯೇ ಹುಟ್ಟಿದ ಎಡ್ನಾ ಓಬ್ರಿಯನ್ ಬರೆದ ‘ದಿ ಕಂಟ್ರಿ ಗರ್ಲ್ಸ್’ 1960ರಲ್ಲಿ ಹೊರಬಂದಾಗ ಅದನ್ನು ಸ್ವದೇಶದಲ್ಲಿ ನಿಷೇಧಿಸಲಾಯಿತು. ಅದರ ಹುಡುಗಿಯರು ಹಳ್ಳಿಯನ್ನೂ ಕ್ರೈಸ್ತ ಸನ್ಯಾಸಿನಿಯರ ಶಾಲೆಯನ್ನೂ ದಾಟಿ ಡಬ್ಲಿನ್ ನಗರಕ್ಕೆ ಓಡುತ್ತಾರೆ. ಎಲ್ಲರೂ ಎಲ್ಲರನ್ನೂ ಬಲ್ಲರೆಂಬ ಸ್ಥಿತಿ ಓಬ್ರಿಯನ್ನರ ಹುಡುಗಿಯರಿಗೆ ಕಾವಲು. ಪ್ರಣಯ ಕಾದಂಬರಿಯ ನಾಯಿಕೆಗೆ ಆಸರೆ. ಬಿಟ್ಟುಹೋಗಲು ಸ್ವತಂತ್ರಳಾದವಳಿಗೆ ಮಾತ್ರ ನೆರೆಯವರ ಕಣ್ಣು ಅಕ್ಕರೆಯಾಗಿ ತೋರುತ್ತದೆ.

ಮೇವ್ ಬಿಂಚಿ ಈ ಎರಡು ದೃಷ್ಟಿಗಳ ನಡುವೆ ನಿಲ್ಲುತ್ತಾರೆ. 1950ರ ದಶಕವನ್ನು ಚಿತ್ರಿಸುವ ಅವರ ‘ಸರ್ಕಲ್ ಆಫ್ ಫ್ರೆಂಡ್ಸ್’ (1990) ಸಣ್ಣ ಊರಿನ ಸ್ನೇಹವನ್ನೂ ಅದರ ಚಾಡಿಮಾತನ್ನೂ ಒಟ್ಟಿಗೆ ಕಾಣಿಸುತ್ತದೆ. ಅಮೆರಿಕದ ಲೇಖಕಿ ನೋರಾ ರಾಬರ್ಟ್ಸ್ 1994ರಿಂದ 1996ರವರೆಗೆ ಪ್ರಕಟಿಸಿದ ಮೂರು ಕಾದಂಬರಿಗಳ ಮಾಲೆಯ ನೆಲೆಯೂ ಕ್ಲೇರ್ ಜಿಲ್ಲೆಯೇ. ಅದರ ಎರಡನೆಯ ಕೃತಿಯಲ್ಲಿ ನೆಲೆಯಿಲ್ಲದ ಅಮೆರಿಕದ ಬರಹಗಾರನೊಬ್ಬನು ಅಲ್ಲಿಯ ಅತಿಥಿಗೃಹವೊಂದರಲ್ಲಿ ಪ್ರೀತಿಯನ್ನು ಕಾಣುತ್ತಾನೆ. ಮೂರನೆಯದರಲ್ಲಿ ಅಮೆರಿಕದ ಯುವತಿಯೊಬ್ಬಳು ತನ್ನ ಜನ್ಮದ ಗುಟ್ಟನ್ನು ತಿಳಿದು ಅಲ್ಲಿಗೆ ಬರುತ್ತಾಳೆ. ಆರು ದಶಕಗಳ ಹಿಂದೆ ಇಬ್ಬರು ಪಂಡಿತರು ಯಾವ ನೆಲದಲ್ಲಿ ಮಕ್ಕಳನ್ನು ಹೊರದೂಡುವ ಪದ್ಧತಿಯನ್ನು ದಾಖಲಿಸಿದರೋ, ಅದೇ ನೆಲವು ಇಲ್ಲಿ ಹೊರಗಿನವರನ್ನು ಬರಮಾಡಿಕೊಳ್ಳುವ ಮನೆಯಾಗಿದೆ.

ಆದುದರಿಂದ ಇಂಥ ಕಾದಂಬರಿಗಳನ್ನು ಐರಿಷ್ ಹಳ್ಳಿಯ ಚಿತ್ರವೆಂದು ಓದುವುದು ತಪ್ಪು. ಸುಳ್ಳೆಂದು ತಳ್ಳಿಹಾಕುವುದೂ ಸರಿಯಲ್ಲ. ಬಿಟ್ಟುಹೋದ ಮನೆ ದೊರೆಯುತ್ತದೆ, ಹಣದ ಚೌಕಾಸಿಯಿಲ್ಲದೆ ಮದುವೆಯಾಗುತ್ತದೆ, ಹೋದವರು ಮರಳುತ್ತಾರೆ: ಕಥೆಯ ಒಂದೊಂದು ಸುಖದ ಹಿಂದೆಯೂ ಇತಿಹಾಸದ ಒಂದೊಂದು ನಷ್ಟ ನಿಂತಿದೆ. ವಲಸಿಗರ ವಂಶದವರಲ್ಲದ ವಾಚಕರನ್ನೂ ಇವು ಸೆಳೆಯುವುದು ಸಹಜವೇ. ಊರು ಬಿಟ್ಟವರು ಐರ್ಲೆಂಡಿನಲ್ಲಿ ಮಾತ್ರ ಇಲ್ಲ. ಜನಗಣತಿಯ ಪುಟಗಳು ಎಷ್ಟು ಜನ ಹೋದರೆಂಬುದನ್ನು ತಿಳಿಸುತ್ತವೆ. ಅವರೂ ಅವರ ಸಂತತಿಯವರೂ ಏನನ್ನು ಬಯಸಿದರೆಂಬುದನ್ನು ಈ ಲಘು ಕೃತಿಗಳು ತಿಳಿಸುತ್ತವೆ. ನಮ್ಮ ವಿದ್ಯಾರ್ಥಿಗಳು ಇವೆರಡನ್ನೂ ಎದುರುಬದುರಾಗಿಟ್ಟು ಓದುವುದು ಯುಕ್ತ.